ಸ್ಕಾಟ್ಲೆಂಡಿನ ಕುಲನಾಮದ ಮೂಲ ಹುಡುಕುವ ಬಗೆ: ಮ್ಯಾಕ್‌ಗ್ರೆಗರ್ ಹೆಸರಿನ ಜಾಡಿನಲ್ಲಿ

ಸ್ಕಾಟ್ಲೆಂಡಿನ ಕುಲನಾಮವೊಂದರ ಮೂಲವನ್ನು ಹುಡುಕಲು ಹೊರಟವರು ಹೆಸರಿನ ಚರಿತ್ರೆಯನ್ನೂ ಆ ಹೆಸರು ಹೊತ್ತ ಮನೆಯ ಚರಿತ್ರೆಯನ್ನೂ ಮೊದಲೇ ಬೇರೆಬೇರೆಯಾಗಿ ಇಟ್ಟುಕೊಳ್ಳಬೇಕು. ಮೊದಲನೆಯದು ಭಾಷೆಗೆ ಸಂಬಂಧಿಸಿದ ಕೆಲಸವಾದ್ದರಿಂದ ಒಂದೆರಡು ಸಂಜೆಗಳಲ್ಲಿ ಮುಗಿಯಬಹುದು; ಎರಡನೆಯದು ದಾಖಲೆಗಳ ಕೆಲಸ, ಅದಕ್ಕೆ ವರ್ಷಗಳೇ ಬೇಕಾಗಬಹುದು. ಎರಡನ್ನೂ ಕಲಸಿಬಿಟ್ಟವರ ಕೈಗೆ ಕೊನೆಗೆ ಸಿಗುವುದು ಪ್ರವಾಸಿಗಳಿಗೆ ಮಾರುವ ಲಾಂಛನದ ಫಲಕವೇ ಹೊರತು ವಂಶಾವಳಿಯಲ್ಲ. ಇಲ್ಲಿ ಮ್ಯಾಕ್‌ಗ್ರೆಗರ್ ಎಂಬ ಹೆಸರನ್ನು ಉದಾಹರಣೆಯಾಗಿ ಆರಿಸಿಕೊಂಡಿದ್ದೇನೆ. ಸರ್ಕಾರವೇ ನಿಷೇಧಿಸಿದ್ದ ಈ ಹೆಸರಿನ ಬೆನ್ನು ಹತ್ತಿದರೆ, ಬೇರೆ ಕುಲನಾಮಗಳಲ್ಲಿ ಬಿಡಿಬಿಡಿಯಾಗಿ ಎದುರಾಗುವ ತೊಡಕುಗಳು ಹೆಚ್ಚುಕಡಿಮೆ ಎಲ್ಲವೂ ಒಟ್ಟಿಗೇ ಸಿಗುತ್ತವೆ.

ಮೊದಲು ಪದವನ್ನು ಬಿಡಿಸಿ. ಸ್ಕಾಟ್ಲೆಂಡಿನ ಹಳೆಯ ಭಾಷೆಗಳಲ್ಲೊಂದಾದ ಗೇಲಿಕ್‌ನಲ್ಲಿ ‘ಕ್ಲಾನ್’ ಎಂದರೆ ಮಕ್ಕಳು, ‘ಮ್ಯಾಕ್’ ಎಂದರೆ ಮಗ. ಮ್ಯಾಕ್‌ಗ್ರೆಗರ್ ಎಂದರೆ ಗ್ರೆಗರನ ಮಗ. ಆ ಗ್ರೆಗರ್ ಎಂಬುದು ‘ಎಚ್ಚರವಾಗಿರುವವನು’ ಎಂಬ ಅರ್ಥದ ಗ್ರೀಕ್ ಮೂಲದಿಂದ ಲ್ಯಾಟಿನ್ನಿನ ಗ್ರೆಗೋರಿಯಸ್ ಮೂಲಕ ಬಂದದ್ದು. ಹೆಣ್ಣುಮಕ್ಕಳಿಗೆ ಗೇಲಿಕ್‌ನಲ್ಲಿ ‘ಮ್ಯಾಕ್’ ಬದಲು ‘ನಿಕ್’ ಬಳಸುತ್ತಾರೆ, ಹಾಗಾಗಿ ಅಣ್ಣ ಮ್ಯಾಕ್‌ಗ್ರಿಗರ್ ಆದರೆ ತಂಗಿ ನಿಕ್‌ಗ್ರಿಗರ್. ‘ಮ್ಯಾಕ್’ ಮುಂದಿನ ಪದ ಯಾವಾಗಲೂ ವ್ಯಕ್ತಿಯ ಹೆಸರೇ ಆಗಿರಬೇಕೆಂದಿಲ್ಲ. ಮ್ಯಾಕಿಂಟೈರ್ ಎಂದರೆ ಬಡಗಿಯ ಮಗ, ಮ್ಯಾಕ್‌ನ್ಯಾಬ್ ಎಂದರೆ ಮಠಾಧಿಪತಿಯ ಮಗ, ಮ್ಯಾಕ್‌ಫರ್ಸನ್ ಎಂದರೆ ಪಾದ್ರಿಯ ಮಗ. ಕ್ಯಾಂಬೆಲ್ ಎಂಬುದು ‘ಸೊಟ್ಟ ಬಾಯಿ’ ಎಂಬ ಅಡ್ಡಹೆಸರಿನಿಂದಲೂ, ಕ್ಯಾಮರನ್ ‘ಸೊಟ್ಟ ಮೂಗು’ ಎಂಬುದರಿಂದಲೂ ಬಂದಿವೆ ಎನ್ನುವುದು ರೂಢಿಯ ವಿವರಣೆ. ಮ್ಯಾಕ್‌ಲೌಡ್ ಹೆಸರಿನೊಳಗೆ ಸ್ಕ್ಯಾಂಡಿನೇವಿಯಾದ ಹಳೆಯ ನಾರ್ಸ್ ಭಾಷೆಯ ಹೆಸರೊಂದು ಅಡಗಿದೆ. ಗಾರ್ಡನ್, ಸದರ್ಲೆಂಡ್ ಎಂಬವು ಊರು-ನಾಡುಗಳ ಹೆಸರುಗಳು. ಸಿಂಕ್ಲೇರ್ ನಾರ್ಮಂಡಿಯಿಂದ ಬಂದದ್ದು. ಹೈಲ್ಯಾಂಡ್ ಎಂಬ ಸ್ಕಾಟ್ಲೆಂಡಿನ ಬೆಟ್ಟನಾಡಿನ ಕುಲನಾಮಗಳೆಲ್ಲ ಗೇಲಿಕ್ ಮೂಲದವೇ ಇರಬೇಕು ಎಂಬ ಊಹೆಯನ್ನು ಇಲ್ಲಿಗೇ ಕೈಬಿಡುವುದು ಒಳ್ಳೆಯದು. ಹೆಸರು ಮೊದಲು ಯಾವ ವರ್ಷ, ಯಾವ ದಾಖಲೆಯಲ್ಲಿ ಕಾಣಿಸಿತು ಎಂದು ನೋಡಲು ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ 1946ರಲ್ಲಿ ಪ್ರಕಟಿಸಿದ ಜಾರ್ಜ್ ಫ್ರೇಸರ್ ಬ್ಲ್ಯಾಕ್ ಅವರ ನಿಘಂಟು ಇವತ್ತಿಗೂ ಮೊದಲು ತೆರೆಯಬೇಕಾದ ಪುಸ್ತಕ.

ಕಾಗುಣಿತದ ವಿಷಯದಲ್ಲಿ ಧಾರಾಳವಾಗಿರಿ. ‘ಮ್ಯಾಕ್’ ಎಂದು ಮೂರಕ್ಷರದಲ್ಲಿ ಬರೆದರೆ ಸ್ಕಾಟ್ಲೆಂಡಿನವರು, ‘ಎಂ-ಸಿ’ ಎಂದು ಎರಡಕ್ಷರದಲ್ಲಿ ಬರೆದರೆ ಐರ್ಲೆಂಡಿನವರು ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ, ಅದಕ್ಕೆ ಬುಡವಿಲ್ಲ. ಎರಡನೆಯದು ಮೊದಲನೆಯದರ ಸಂಕ್ಷಿಪ್ತ ರೂಪವಷ್ಟೆ. ಗೇಲಿಕ್ ಮಾತಾಡುವ ರೈತ ತನ್ನ ಹೆಸರು ಹೇಳಿದಾಗ, ಆ ಭಾಷೆ ಬಾರದ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದುಕೊಂಡಿರುತ್ತಾನೆ. ಒಬ್ಬನೇ ಮನುಷ್ಯ ಮದುವೆಯ ದಾಖಲೆಯಲ್ಲಿ ಒಂದು ಬಗೆ, ಮಗುವಿನ ದೀಕ್ಷಾಸ್ನಾನದ ದಾಖಲೆಯಲ್ಲಿ ಇನ್ನೊಂದು ಬಗೆಯಾಗಿ ಕಾಣಿಸುವುದು ತೀರ ಸಾಮಾನ್ಯ. ಆನ್‌ಲೈನ್ ಸೂಚಿಯಲ್ಲಿ ಹುಡುಕುವಾಗ ‘ಎಂ’ ಅಕ್ಷರದ ಪಕ್ಕ ನಕ್ಷತ್ರ ಚಿಹ್ನೆ ಹಾಕಿ ‘ಗ್ರೆಗರ್’ ಎಂದು ಟೈಪ್ ಮಾಡಿದರೆ ಇಂಥ ಹಲವು ರೂಪಗಳು ಒಟ್ಟಿಗೆ ಬರುತ್ತವೆ. ಆಮೇಲೆ ‘ಗ್ರಿಗರ್’, ‘ಗ್ರೆಗ್’, ‘ಗ್ರೆಗರ್‌ಸನ್’ ಎಂಬವನ್ನೂ ಪ್ರಯತ್ನಿಸಿ. ಉಚ್ಚಾರಣೆಯನ್ನು ನಂಬಿ ಕೂತರೂ ಕಷ್ಟ: ಝೆಡ್ ಅಕ್ಷರ ಹಾಕಿ ಮೆನ್‌ಝೀಸ್ ಎಂದು ಬರೆದಿರುವುದನ್ನು ಅಲ್ಲಿಯವರು ‘ಮಿಂಗಿಸ್’ ಎಂದು ಓದುತ್ತಾರೆ. ಹಳೆಯ ಸ್ಕಾಟ್ಸ್ ಬರವಣಿಗೆಯಲ್ಲಿದ್ದ ‘ಯೋಖ್’ ಎಂಬ ಅಕ್ಷರ ಮುದ್ರಣಾಲಯದ ಮೊಳೆಗಳಲ್ಲಿ ಇಲ್ಲದ್ದರಿಂದ, ನೋಡಲು ಅದರಂತೆಯೇ ಇದ್ದ ಝೆಡ್ ಅನ್ನು ಮುದ್ರಕರು ಅದರ ಜಾಗದಲ್ಲಿ ಕೂರಿಸಿಬಿಟ್ಟರು.

ಇನ್ನು ಮನೆಯ ಚರಿತ್ರೆಗೆ ಬರೋಣ. ಇಲ್ಲಿ ನಿಯಮ ಒಂದೇ: ಗೊತ್ತಿರುವ ವ್ಯಕ್ತಿಯಿಂದ ಹೊರಟು, ಒಂದೊಂದೇ ತಲೆಮಾರು ಹಿಂದಕ್ಕೆ ಸರಿಯಬೇಕು. ಪ್ರಸಿದ್ಧ ಪೂರ್ವಜನೊಬ್ಬನನ್ನು ಹಿಡಿದುಕೊಂಡು ಮುಂದಕ್ಕೆ ಬರಲು ಹೋದವರು, ತಮಗೆ ಬೇಕಾದ ಕಡೆಗೇ ಬಂದು ಸೇರುತ್ತಾರೆ. ಸ್ಕಾಟ್ಲೆಂಡಿನಲ್ಲಿ ಜನನ, ಮದುವೆ, ಮರಣಗಳ ಕಡ್ಡಾಯ ಸರ್ಕಾರಿ ನೋಂದಣಿ ಶುರುವಾದದ್ದು 1855ರ ಜನವರಿ 1ರಂದು. ಇವುಗಳ ಚಿತ್ರಪ್ರತಿಗಳು ನ್ಯಾಷನಲ್ ರೆಕಾರ್ಡ್ಸ್ ಆಫ್ ಸ್ಕಾಟ್ಲೆಂಡ್ ನಡೆಸುವ ಸ್ಕಾಟ್ಲೆಂಡ್ಸ್‌ಪೀಪಲ್ ತಾಣದಲ್ಲಿ ಸಿಗುತ್ತವೆ. ಸೂಚಿಯಲ್ಲಿ ಹುಡುಕುವುದು ಉಚಿತ, ಮೂಲದ ಪುಟ ನೋಡಲು ಮಾತ್ರ ಹಣ ಕಟ್ಟಬೇಕು. ಜನನದ ದಾಖಲೆಗೆ 100 ವರ್ಷ, ಮದುವೆಯದಕ್ಕೆ 75, ಮರಣದ್ದಕ್ಕೆ 50 ವರ್ಷ ತುಂಬುವ ತನಕ ಆ ಪುಟಗಳನ್ನು ಆನ್‌ಲೈನಿನಲ್ಲಿ ತೆರೆಯುವುದಿಲ್ಲ. ಆದ್ದರಿಂದ ಮೊದಲ ಎರಡು ಮೂರು ತಲೆಮಾರುಗಳ ವಿವರವನ್ನು ಮನೆಯ ಹಿರಿಯರಿಂದಲೇ ಕೇಳಿ ಬರೆದುಕೊಳ್ಳಬೇಕು.

ಈ ದಾಖಲೆಗಳ ಹೆಚ್ಚುಗಾರಿಕೆ ಇರುವುದು ಹೆಂಗಸರ ವಿಷಯದಲ್ಲಿ. ಸ್ಕಾಟ್ಲೆಂಡಿನ ಕಾನೂನಿನ ಕಾಗದಗಳಲ್ಲಿ ಮದುವೆಯಾದ ಹೆಣ್ಣು ತನ್ನ ತವರಿನ ಹೆಸರನ್ನು ಕಳೆದುಕೊಳ್ಳುವುದಿಲ್ಲ. ಮರಣದ ದಾಖಲೆಯಲ್ಲಿ ಸತ್ತವರ ತಂದೆಯ ಹೆಸರಿನ ಜೊತೆಗೆ ತಾಯಿಯ ತವರಿನ ಹೆಸರೂ ಇರುತ್ತದೆ. ಸಮಾಧಿಯ ಕಲ್ಲುಗಳ ಮೇಲೂ ಹೆಚ್ಚಾಗಿ ಅದೇ ಪದ್ಧತಿ. ಹಾಗಾಗಿ 1860ರಲ್ಲಿ ತೀರಿಕೊಂಡ ಎಂಬತ್ತರ ಮುದುಕನೊಬ್ಬನ ಮರಣದ ದಾಖಲೆ ನಿಮ್ಮನ್ನು ಒಂದೇ ಹೆಜ್ಜೆಯಲ್ಲಿ 18ನೆಯ ಶತಮಾನದ ಅವನ ತಂದೆತಾಯಿಯರ ಬಳಿಗೆ ಕರೆದೊಯ್ಯುತ್ತದೆ. ಆ ವಿವರ ಕೊಟ್ಟದ್ದು ಮಗನೋ, ಪಕ್ಕದ ಮನೆಯವರೋ ಎಂಬುದನ್ನು ಮಾತ್ರ ಅದೇ ದಾಖಲೆಯಲ್ಲಿ ನೋಡಿಕೊಳ್ಳಿ. ನಿಮ್ಮ ಮನೆಯಲ್ಲಿ 1855ರಲ್ಲಿಯೇ ಹುಟ್ಟು, ಮದುವೆ ಅಥವಾ ಸಾವು ಸಂಭವಿಸಿದ್ದರೆ ಅದು ಅದೃಷ್ಟ. ಮೊದಲ ವರ್ಷದ ನಮೂನೆಯಲ್ಲಿ ತಂದೆತಾಯಿಯರ ವಯಸ್ಸು, ಹುಟ್ಟಿದೂರು, ಅವರಿಗಿದ್ದ ಇತರ ಮಕ್ಕಳು ಎಂದು ಎಷ್ಟೊಂದು ಕೇಳಿದ್ದರೆಂದರೆ, ಅಷ್ಟನ್ನು ಬರೆಯುವುದು ಭಾರವಾಗಿ ಮರುವರ್ಷವೇ ಅದನ್ನು ಕಡಿತಗೊಳಿಸಿದರು. ಹತ್ತು ವರ್ಷಕ್ಕೊಮ್ಮೆ ನಡೆದ ಜನಗಣತಿಯ ಪಟ್ಟಿಗಳು 1841ರಿಂದ ಸಿಗುತ್ತವೆ. ಹುಟ್ಟಿದ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಗೆ ಬರುವ ಪ್ರದೇಶ) ಯಾವುದೆಂದು ತಿಳಿಯುವುದು 1851ರ ಗಣತಿಯಿಂದ ಈಚೆಗೆ.

1855ಕ್ಕಿಂತ ಹಿಂದಕ್ಕೆ ಹೋದರೆ ಚರ್ಚ್ ಆಫ್ ಸ್ಕಾಟ್ಲೆಂಡಿನ ಹಳೆಯ ಪ್ಯಾರಿಷ್ ಪುಸ್ತಕಗಳೇ ಗತಿ. ಇವುಗಳಲ್ಲಿ ಅತಿ ಹಳೆಯದು ಪರ್ತ್‌ಶೈರಿನ ಎರೊಲ್ ಪ್ಯಾರಿಷಿನದು, 1553ರಿಂದ ಶುರುವಾಗುತ್ತದೆ. ಹೈಲ್ಯಾಂಡಿನ ಬಹುಪಾಲು ಪುಸ್ತಕಗಳು ತುಂಬ ತಡವಾಗಿ ಆರಂಭವಾಗುತ್ತವೆ, ನಡುನಡುವೆ ವರ್ಷಗಟ್ಟಲೆ ಖಾಲಿ. ಕ್ಯಾಥೊಲಿಕರು, ಎಪಿಸ್ಕೋಪಲ್ ಪಂಥದವರು, 1843ರ ಒಡಕಿನ ನಂತರ ಫ್ರೀ ಚರ್ಚಿಗೆ ಹೋದವರು ಇದರಲ್ಲಿ ಇಲ್ಲದೆಯೂ ಇರಬಹುದು. 1783ರಿಂದ 1794ರವರೆಗೆ ಪ್ರತಿ ನಮೂದಿಗೂ 3 ಪೆನ್ಸ್ ತೆರಿಗೆ ಇದ್ದುದರಿಂದ ಬಡವರು ಹೆಸರು ಬರೆಸುವುದನ್ನೇ ಬಿಟ್ಟಿದ್ದರು. ಆದ್ದರಿಂದ ಆ ವರ್ಷಗಳಲ್ಲಿ ಮಗುವಿನ ಹೆಸರು ಸಿಗದಿದ್ದರೆ ಮಗು ಅಲ್ಲಿ ಹುಟ್ಟಲೇ ಇಲ್ಲ ಎಂದು ತೀರ್ಮಾನಿಸಬೇಡಿ.

ಮ್ಯಾಕ್‌ಗ್ರೆಗರ್ ಹೆಸರಿನವರಿಗೆ ಇದರ ಮೇಲೆ ಇನ್ನೊಂದು ಗೋಡೆ ಎದುರಾಗುತ್ತದೆ. 1603ರ ಫೆಬ್ರವರಿ 7ರಂದು ಲಾಖ್ ಲೋಮಂಡ್ ಸರೋವರದ ಸಮೀಪದ ಗ್ಲೆನ್ ಫ್ರುಯಿನ್ ಕಣಿವೆಯಲ್ಲಿ ಅವರು ಕಹೂನ್ ಕುಲದವರನ್ನು ಸೋಲಿಸಿ ದೊಡ್ಡ ಸಾವುನೋವು ಮಾಡಿದರು. ಇಂಗ್ಲೆಂಡಿನ ಸಿಂಹಾಸನವೇರಲು ದೊರೆ ಆರನೆಯ ಜೇಮ್ಸ್ ಎಡಿನ್‌ಬರೋದಿಂದ ಹೊರಡುವುದಕ್ಕೆ ಎರಡು ದಿನ ಮುಂಚೆ, ಏಪ್ರಿಲ್ 3ರಂದು, ದೊರೆಯ ಆಡಳಿತ ಮಂಡಳಿಯಾದ ಪ್ರಿವಿ ಕೌನ್ಸಿಲ್ ಮ್ಯಾಕ್‌ಗ್ರೆಗರ್ ಎಂಬ ಹೆಸರನ್ನೇ ರದ್ದುಮಾಡಿತು. ಹೆಸರು ಬಿಡದವರಿಗೆ ಮರಣದಂಡನೆ. ಮರುವರ್ಷ ಜನವರಿಯಲ್ಲಿ ಗ್ಲೆನ್‌ಸ್ಟ್ರೇಯ ಮುಖ್ಯಸ್ಥ ಅಲಾಸ್ಟೇರ್ ಮ್ಯಾಕ್‌ಗ್ರೆಗರನನ್ನು ಎಡಿನ್‌ಬರೋದಲ್ಲಿ ಗಲ್ಲಿಗೇರಿಸಿದರು. ಎರಡನೆಯ ಚಾರ್ಲ್ಸ್ ಕಾಲದಲ್ಲಿ, 1661ರಲ್ಲಿ, ನಿಷೇಧ ತೆರವಾಯಿತು. 1693ರಲ್ಲಿ ಮತ್ತೆ ಜಾರಿಗೆ ಬಂತು. ಕೊನೆಗೆ ರದ್ದಾದದ್ದು 1774ರಲ್ಲಿ. ಈ ನಾಲ್ಕು ವರ್ಷಗಳನ್ನು ಕಾಗದದಲ್ಲಿ ಬರೆದು ಎದುರಿಗಿಟ್ಟುಕೊಂಡೇ ಹುಡುಕಬೇಕು.

ಇದರಿಂದ ಏನಾಗುತ್ತದೆ ಎಂಬುದಕ್ಕೆ ಒಂದು ನಮೂದನ್ನು ಹತ್ತಿರದಿಂದ ನೋಡಿ. ಲಾಖ್ ಲೋಮಂಡಿನ ಪೂರ್ವ ದಂಡೆಯಲ್ಲಿರುವ ಬುಕಾನನ್ ಪ್ಯಾರಿಷಿನ ಪುಸ್ತಕದಲ್ಲಿ 1671ರ ಮಾರ್ಚ್ 7ರಂದು ಒಂದು ಗಂಡುಮಗುವಿನ ದೀಕ್ಷಾಸ್ನಾನ ದಾಖಲಾಗಿದೆ. ತಂದೆ ಗ್ಲೆನ್‌ಗೈಲಿನ ಡೊನಾಲ್ಡ್ ಮ್ಯಾಕ್‌ಗ್ರೆಗರ್, ತಾಯಿ ಮಾರ್ಗರೆಟ್ ಕ್ಯಾಂಬೆಲ್, ಮಗುವಿನ ಹೆಸರು ರಾಬರ್ಟ್. ಮುಂದೆ ರಾಬ್ ರಾಯ್ ಎಂದು ದಂತಕಥೆಯಾದ ಹೈಲ್ಯಾಂಡಿನ ಬಂಡುಕೋರ ಈತನೇ. ನಿಷೇಧ ತೆರವಾಗಿದ್ದ 32 ವರ್ಷಗಳ ನಡುವೆ ಹುಟ್ಟಿದ್ದರಿಂದಲೇ ಪಾದ್ರಿ ಮ್ಯಾಕ್‌ಗ್ರೆಗರ್ ಎಂದು ಧೈರ್ಯವಾಗಿ ಬರೆದಿದ್ದಾನೆ. 1693ರ ನಂತರ ಇದೇ ರಾಬರ್ಟ್ ತಾಯಿಯ ತವರಿನ ಹೆಸರು ಹಿಡಿದು ರಾಬರ್ಟ್ ಕ್ಯಾಂಬೆಲ್ ಆದ. ಮ್ಯಾಕ್‌ಗ್ರೆಗರ್ ಎಂಬ ಒಂದೇ ಹೆಸರಿನಲ್ಲಿ ಹುಡುಕಿದರೆ ದನದ ವ್ಯಾಪಾರ, ಸಾಲ, ದಸ್ತಾವೇಜುಗಳ ಅವನ ಬದುಕಿನ ಬಹುಭಾಗ ಕೈಗೇ ಸಿಗುವುದಿಲ್ಲ. ಇಷ್ಟು ಪ್ರಸಿದ್ಧನ ಕಥೆಯೇ ಹೀಗಾದರೆ, ಸಾಮಾನ್ಯ ಗೇಣಿದಾರನ ಪಾಡನ್ನು ಊಹಿಸಿಕೊಳ್ಳಬಹುದು.

ಹಾಗಾದರೆ ನಿಷೇಧದ ಕಾಲದಲ್ಲಿ ಹುಡುಕುವುದು ಹೇಗೆ? ಹೆಸರನ್ನು ಬಿಟ್ಟು ಊರನ್ನು ಹಿಡಿಯಿರಿ. ಕಣಿವೆ, ಹಳ್ಳಿ, ಸಾಧ್ಯವಾದರೆ ಹೊಲದ ಹೆಸರನ್ನು ಗುರುತಿಸಿ, ಅಲ್ಲಿ ನೆಲೆಸಿದ್ದವರೆಲ್ಲರ ಪಟ್ಟಿ ಮಾಡಿಕೊಳ್ಳಿ. ಹೆಸರು ಕಳೆದುಕೊಂಡವರು ಸಾಮಾನ್ಯವಾಗಿ ಆಶ್ರಯ ಕೊಟ್ಟ ಜಮೀನುದಾರನ ಹೆಸರನ್ನೋ ತಾಯಿಯ ಕಡೆಯ ಹೆಸರನ್ನೋ ಇಟ್ಟುಕೊಂಡರು: ಕ್ಯಾಂಬೆಲ್, ಡ್ರಮಂಡ್, ಮರ್ರಿ, ಗ್ರೇಯಮ್, ಸ್ಟೂವರ್ಟ್. ಹೊಸ ಹೆಸರಿನ ಪಕ್ಕದಲ್ಲಿ ‘ಅಲಿಯಾಸ್ ಮ್ಯಾಕ್‌ಗ್ರೆಗರ್’ ಎಂದು ಬರೆದಿರುವ ಕಾಗದಗಳೂ ಇವೆ. ಅಂಥ ಒಂದೇ ಒಂದು ‘ಅಲಿಯಾಸ್’ ಸಿಕ್ಕರೆ ಹತ್ತು ಊಹೆಗಳಿಗಿಂತ ಹೆಚ್ಚು ಬೆಲೆ. ಒಲೆಗಳನ್ನು ಎಣಿಸಿ ಹಾಕಿದ 1690ರ ದಶಕದ ತೆರಿಗೆ ಪಟ್ಟಿಗಳು, ಜಮೀನುದಾರರ ಗೇಣಿ ಲೆಕ್ಕಗಳು, 16ನೆಯ ಶತಮಾನದಿಂದ ಉಳಿದುಬಂದಿರುವ ಉಯಿಲುಗಳು ಈ ಹಂತದಲ್ಲಿ ಕೆಲಸಕ್ಕೆ ಬರುತ್ತವೆ. ಮಕ್ಕಳಿಗೆ ಹೆಸರಿಡುವ ಪದ್ಧತಿಯೂ ಒಂದು ಸುಳಿವು: ಹಿರಿಯ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು, ಹಿರಿಯ ಮಗಳಿಗೆ ತಾಯಿಯ ತಾಯಿಯ ಹೆಸರು. ಡ್ರಮಂಡ್ ಮನೆಯೊಂದರಲ್ಲಿ ತಲೆಮಾರು ಬಿಟ್ಟು ತಲೆಮಾರು ‘ಗ್ರೆಗರ್’ ಎಂಬ ಹೆಸರು ಮರಳಿ ಬರುತ್ತಿದ್ದರೆ ಕಿವಿ ನಿಮಿರಬೇಕು. ಆದರೆ ಇದು ಸುಳಿವು ಮಾತ್ರ, ಪುರಾವೆಯಲ್ಲ.

ಇನ್ನು ಕುಲದ ಆದಿಪುರುಷನ ಕಥೆ. ‘ನಮ್ಮದು ರಾಜವಂಶ’ ಎಂಬುದು ಮ್ಯಾಕ್‌ಗ್ರೆಗರರ ಧ್ಯೇಯವಾಕ್ಯ. 9ನೆಯ ಶತಮಾನದ ದೊರೆ ಕೆನೆತ್ ಮ್ಯಾಕಲ್ಪಿನ್‌ನ ಸೋದರನೊಬ್ಬನಿಂದ ತಾವು ಬಂದವರೆಂಬುದು ಅದರ ಹಿಂದಿನ ನಂಬಿಕೆ. ಆ ಸೋದರನನ್ನು ತೋರಿಸುವ ಸಮಕಾಲೀನ ದಾಖಲೆ ಒಂದೂ ಇಲ್ಲ. ಕಾಗದದ ಆಧಾರವಿರುವ ನೆಲ ಸಿಗುವುದು 14ನೆಯ ಶತಮಾನದ ಕೊನೆಗೆ, 1390ರಲ್ಲಿ ತೀರಿಕೊಂಡ ಗ್ಲೆನ್ ಓರ್ಕಿಯ ಇಯಾನ್‌ನೊಂದಿಗೆ. ನಡುವಿನ ಐದು ಶತಮಾನಗಳನ್ನು ಖಾಲಿ ಬಿಡುವುದೇ ಪ್ರಾಮಾಣಿಕತೆ. ಗ್ಲೆನ್ ಓರ್ಕಿ 1432ರಲ್ಲಿ ಕಾಲಿನ್ ಕ್ಯಾಂಬೆಲ್‌ಗೆ ಸೇರಿತು. ಅವನು ‘ಲಾಖ್ ಆ’ ಎಂಬ ಸರೋವರದ ತುದಿಯಲ್ಲಿ ಕಟ್ಟಿಸಿದ ಕಿಲ್‌ಹರ್ನ್ ಕೋಟೆಯ ಪಾಳು ಇಂದಿಗೂ ನಿಂತಿದೆ. ಮ್ಯಾಕ್‌ಗ್ರೆಗರರು ಸ್ವಂತ ನೆಲದಲ್ಲಿಯೇ ಪರರ ಗೇಣಿದಾರರಾದರು ಎಂಬುದು ಮುಂದಿನ ಎಲ್ಲ ರಕ್ತಪಾತಕ್ಕೆ ಕಾರಣ. 1570ರ ಏಪ್ರಿಲ್ 7ರಂದು ಗ್ಲೆನ್ ಓರ್ಕಿಯ ಕ್ಯಾಂಬೆಲ್ ಮುಖ್ಯಸ್ಥ ಗ್ಲೆನ್‌ಸ್ಟ್ರೇಯ ಗ್ರೆಗರನ ತಲೆ ಕಡಿಸಿದ. ಗ್ರೆಗರನ ಹೆಂಡತಿಯೂ ಕ್ಯಾಂಬೆಲ್ ಕುಲದವಳೇ. ಅವಳು ಕಂಕುಳ ಕೂಸನ್ನು ತೂಗುತ್ತ ಕಟ್ಟಿದ್ದೆನ್ನುವ ಶೋಕಗೀತೆಯನ್ನು ಗೇಲಿಕ್ ಜನ ಇಂದಿಗೂ ಹಾಡುತ್ತಾರೆ.

ಒಂದೇ ಹೆಸರಿನವರೆಲ್ಲ ಒಂದೇ ರಕ್ತದವರಲ್ಲ ಎಂಬುದನ್ನೂ ಗಮನದಲ್ಲಿಡಿ. ಮುಖ್ಯಸ್ಥನ ನೆಲದಲ್ಲಿ ಬದುಕುವವರು ಅವನ ಹೆಸರನ್ನೇ ಇಟ್ಟುಕೊಳ್ಳುವುದು ರೂಢಿಯಾಗಿತ್ತು. ಒಂದು ಅಳತೆ ಓಟ್ಸ್ ಹಿಟ್ಟಿಗಾಗಿ ಹೆಸರು ಬದಲಿಸಿಕೊಂಡವರನ್ನು ಹೈಲ್ಯಾಂಡಿನವರು ‘ಹಿಟ್ಟಿನ ಫ್ರೇಸರರು’ ಎಂದು ಛೇಡಿಸುತ್ತಿದ್ದರು. ತಂದೆಯಿಂದ ಮಗನಿಗೆ ಇಳಿಯುವ ವೈ ವರ್ಣತಂತುವಿನ ಡಿಎನ್ಎ ಪರೀಕ್ಷೆ ಇಲ್ಲಿ ನೆರವಾಗುತ್ತದೆ, ಬೇರೆ ಹೆಸರಿನಲ್ಲಿರುವ ಹಳೆಯ ಮ್ಯಾಕ್‌ಗ್ರೆಗರರನ್ನೂ ಅದು ಪತ್ತೆಹಚ್ಚಬಲ್ಲದು. ಆದರೆ ಗಂಡುಮಕ್ಕಳ ಒಂದೇ ಎಳೆಯನ್ನು ಬಿಟ್ಟು ಬೇರೇನನ್ನೂ ಅದು ಹೇಳುವುದಿಲ್ಲ. ಟಾರ್ಟನ್ ಬಟ್ಟೆಯ ಚೌಕಳಿ ನೋಡಿ ಕುಲ ನಿರ್ಧರಿಸಲು ಹೋಗಬೇಡಿ. ಒಂದೊಂದು ಕುಲಕ್ಕೆ ಒಂದೊಂದು ಚೌಕಳಿ ಎಂಬ ಏರ್ಪಾಡು ಬಹುಮಟ್ಟಿಗೆ 19ನೆಯ ಶತಮಾನದ ಸಡಗರ. ಲಾಂಛನವಂತೂ ಕಾನೂನಿನ ಪ್ರಕಾರ ಒಬ್ಬ ವ್ಯಕ್ತಿಯದೇ ಹೊರತು ಹೆಸರಿನದಲ್ಲ. ಲಾಂಛನಗಳ ಅಧಿಕಾರಿಯಾದ ಎಡಿನ್‌ಬರೋದ ಲಾರ್ಡ್ ಲಯನ್ ಅವರ ಕಚೇರಿಯೇ ಅದನ್ನು ನಿರ್ಧರಿಸುತ್ತದೆ.

1774ರ ನಂತರ ಎಲ್ಲರೂ ಹಳೆಯ ಹೆಸರಿಗೆ ಮರಳಿದರು ಎಂದುಕೊಂಡರೆ ಜಾಡು ಮತ್ತೆ ತಪ್ಪುತ್ತದೆ. 826 ಜನ ಸಹಿ ಹಾಕಿ ಕುಲದ ಮುಖ್ಯಸ್ಥನೆಂದು ಒಪ್ಪಿಕೊಂಡ ಲ್ಯಾನ್ರಿಕ್‌ನ ಜಾನ್ ಮರ್ರಿ, ಈಸ್ಟ್ ಇಂಡಿಯಾ ಕಂಪನಿಯ ಬಂಗಾಳದ ಸೇವೆಯಲ್ಲಿದ್ದವನು, ತಾನೇ ಮರ್ರಿ ಎಂಬ ಹೆಸರಿನಲ್ಲಿದ್ದ. ಆ ಮನೆತನ ರಾಜಾನುಮತಿ ಪಡೆದು ಮ್ಯಾಕ್‌ಗ್ರೆಗರ್ ಎಂದು ಬರೆಯಲಾರಂಭಿಸಿದ್ದು 1822ರಲ್ಲಿ. ಆದ್ದರಿಂದ 1774ರಿಂದ ಮುಂದಿನ ಐವತ್ತು ವರ್ಷಗಳ ಪ್ಯಾರಿಷ್ ಪುಸ್ತಕಗಳನ್ನು ಎರಡೂ ಹೆಸರುಗಳಲ್ಲಿ ಓದಿ. ಮೊದಲ ಮಗು ಡ್ರಮಂಡ್ ಎಂದೂ, ಅದೇ ಹೊಲದ ಅದೇ ತಂದೆತಾಯಿಯರ ಮೂರನೆಯ ಮಗು ಮ್ಯಾಕ್‌ಗ್ರೆಗರ್ ಎಂದೂ ದಾಖಲಾಗಿದ್ದರೆ ವಂಶವೃಕ್ಷದಲ್ಲಿ ಅವರನ್ನು ಎರಡು ಮನೆಗಳಾಗಿ ಒಡೆಯದೆ, ತಂದೆಯ ಎರಡೂ ಹೆಸರುಗಳನ್ನು ಪುಸ್ತಕದಲ್ಲಿರುವ ಕಾಗುಣಿತದಲ್ಲಿಯೇ, ತಾರೀಖಿನ ಸಮೇತ ಬರೆದಿಡಿ.