ಎರಡು ಆಟೋಮ್ಯಾಟಿಕ್ ವಾಚು, ನಲವತ್ತು ದಿನದ ಲೆಕ್ಕ

ನನ್ನ ಬಳಿ ಎರಡು ಆಟೋಮ್ಯಾಟಿಕ್ ವಾಚುಗಳಿವೆ, ಅಂದರೆ ಬ್ಯಾಟರಿಯಿಲ್ಲದೆ, ಕೈಯ ಓಡಾಟದಿಂದಲೇ ಒಳಗಿನ ಸ್ಪ್ರಿಂಗ್ ಸುತ್ತಿಕೊಂಡು ನಡೆಯುವಂಥವು. ಒಂದು ಸೀಕೋ 5, ಎಸ್‌ಎನ್‌ಕೆ809. ಇನ್ನೊಂದು ಟಿಸೋ ಜಂಟಲ್‌ಮನ್ ಪವರ್‌ಮ್ಯಾಟಿಕ್ 80. ಟಿಸೋಗೆ ಕೊಟ್ಟ ದುಡ್ಡಿನಲ್ಲಿ ಸೀಕೋದಂಥವು ಏಳು ಬರುತ್ತಿದ್ದವು. ಅಷ್ಟು ಹಣ ಯಾವುದಕ್ಕೆ ಹೋಯಿತು ಎಂದು ತಿಳಿಯಲೇಬೇಕೆನಿಸಿತು. ನಲವತ್ತು ದಿನ, ರಾತ್ರಿ ಹತ್ತಕ್ಕೆ, ಎರಡನ್ನೂ ಮೊಬೈಲಿನ ಸಮಯಕ್ಕೆ ಹೋಲಿಸಿ ನೋಟ್‌ಬುಕ್ಕಿನಲ್ಲಿ ಬರೆಯುತ್ತ ಬಂದೆ.

ಮೊದಲ ತೊಡಕು ಸಮಯ ಹೊಂದಿಸುವುದರಲ್ಲೇ. ಸೀಕೋದ 7ಎಸ್26 ಯಂತ್ರದಲ್ಲಿ ಕೀ ಹೊರಗೆಳೆದರೂ ಸೆಕೆಂಡ್ ಮುಳ್ಳು ನಿಲ್ಲುವುದಿಲ್ಲ. ಕೈಯಿಂದ ಕೀ ಕೊಡಲೂ ಬರುವುದಿಲ್ಲ. ಅಪ್ಪ ದಿನಾ ಬೆಳಿಗ್ಗೆ ಎಚ್‌ಎಂಟಿಗೆ ಕೀ ಕೊಡುವುದನ್ನು ನೋಡಿ ಬೆಳೆದವನಿಗೆ ಇದು ವಿಚಿತ್ರವೇ. ನಿಂತಿದ್ದರೆ ಮೆಲ್ಲಗೆ ಇಪ್ಪತ್ತು ಮೂವತ್ತು ಸಲ ಅಲ್ಲಾಡಿಸಬೇಕು, ಕೈಗೆ ಕಟ್ಟಿದ ಮೇಲೆ ಓಡಾಟವೇ ಅದಕ್ಕೆ ಕೀ. ಟಿಸೋದಲ್ಲಿ ಕೀ ಎಳೆದೊಡನೆ ಮುಳ್ಳು ನಿಲ್ಲುತ್ತದೆ.

ದುಬಾರಿ ವಾಚಿನ ಸೆಕೆಂಡ್ ಮುಳ್ಳು ಇನ್ನಷ್ಟು ನಯವಾಗಿ ಜಾರುತ್ತದೆ ಎಂದುಕೊಂಡಿದ್ದೆ. ಹಾಗಿಲ್ಲ. ಎರಡೂ ವಾಚುಗಳ ಒಳಗೆ ಅತ್ತಿತ್ತ ಆಡುವ ಬ್ಯಾಲೆನ್ಸ್ ಚಕ್ರದ ಬಡಿತ ಗಂಟೆಗೆ 21,600, ಅಂದರೆ ಸೆಕೆಂಡಿಗೆ ಆರು; ಪ್ರತಿ ಬಡಿತಕ್ಕೂ ಮುಳ್ಳು ಒಂದು ಹೆಜ್ಜೆ. ಟಿಸೋ ಯಂತ್ರಕ್ಕೆ ಮೂಲವಾದ ಇಟಿಎ ಕಂಪನಿಯ 2824 ಯಂತ್ರ ಗಂಟೆಗೆ 28,800 ಸಲ ಬಡಿಯುವಂಥದ್ದು. ಬಡಿತ ಇಳಿಸಿದ್ದರಿಂದಲೂ 80 ಗಂಟೆಯ ಓಟ ಸಿಕ್ಕಿದೆ. ಶುಕ್ರವಾರ ಸಂಜೆ ಬಿಚ್ಚಿಟ್ಟರೆ ಸೋಮವಾರ ಬೆಳಿಗ್ಗೆಯೂ ನಡೆಯುತ್ತಿರುತ್ತದೆ. ಸೀಕೋ ಭಾನುವಾರ ಮಧ್ಯಾಹ್ನದ ಹೊತ್ತಿಗೆ ನಿಂತಿರುತ್ತದೆ. ವಾಚುಗಳನ್ನು ಬದಲಿಸಿ ಕಟ್ಟುವವರಿಗೆ ಇದು ಸಣ್ಣ ಸೌಕರ್ಯವಲ್ಲ.

ಮೂರು ವಾರದ ಸರಾಸರಿ: ಸೀಕೋ ದಿನಕ್ಕೆ 14 ಸೆಕೆಂಡ್ ಮುಂದೆ, ಟಿಸೋ 4. ಸೀಕೋವನ್ನು ರಾತ್ರಿ ಮಲಗಿಸಿಟ್ಟರೆ ಮುಂದೆ ಓಡುತ್ತಿತ್ತು, ಕೀ ಮೇಲಾಗಿ ನಿಲ್ಲಿಸಿಟ್ಟರೆ ತುಸು ಹಿಂದೆ ಬೀಳುತ್ತಿತ್ತು. ಇಡುವ ಭಂಗಿ ಬದಲಿಸಿಯೇ ಅರ್ಧ ವ್ಯತ್ಯಾಸ ತುಂಬಿಕೊಳ್ಳಬಹುದು.

ಇಪ್ಪತ್ಮೂರನೆಯ ರಾತ್ರಿ ಎರಡನ್ನೂ ಟ್ಯಾಬ್ಲೆಟ್ಟಿನ ಮಡಚುವ ಕವರಿನ ಮೇಲಿಟ್ಟು ಮಲಗಿದೆ. ಮರುದಿನ ರಾತ್ರಿ ನೋಡಿದರೆ ಸೀಕೋ ಆರು ನಿಮಿಷ ಮುಂದೆ! ಎದೆ ಧಸಕ್ಕೆಂದಿತು. ದಿಕ್ಸೂಚಿಯನ್ನು ಹತ್ತಿರ ತಂದೆ, ಅದರ ಮುಳ್ಳು ವಾಚಿನತ್ತ ತಿರುಗಿತು. ಕವರಿನ ಅಯಸ್ಕಾಂತದ ಕೆಲಸ. ಬ್ಯಾಲೆನ್ಸ್ ಚಕ್ರವನ್ನು ಅತ್ತಿತ್ತ ಆಡಿಸುವ, ಕೂದಲಿನಷ್ಟು ತೆಳ್ಳಗಿನ ಹೇರ್‌ಸ್ಪ್ರಿಂಗಿನ ಸುರುಳಿಗಳು ಕಾಂತತ್ವ ಹಿಡಿದು ಒಂದಕ್ಕೊಂದು ಅಂಟಿಕೊಂಡರೆ ಸ್ಪ್ರಿಂಗ್ ಗಿಡ್ಡವಾದಂತೆ, ಬಡಿತ ಚುರುಕಾಗುತ್ತದೆ. ಅದರ ಪಕ್ಕದಲ್ಲೇ ಮಲಗಿದ್ದ ಟಿಸೋ ಅದೇ 4 ಸೆಕೆಂಡಿನಲ್ಲಿತ್ತು. ಅದರ ಹೇರ್‌ಸ್ಪ್ರಿಂಗ್ ಸಿಲಿಕಾನಿನದು, ಕಾಂತತ್ವ ಹಿಡಿಯುವುದೇ ಇಲ್ಲ. ನಾನು ಕೊಟ್ಟ ಹೆಚ್ಚಿನ ಹಣದ ದೊಡ್ಡ ಪಾಲು ಕಣ್ಣಿಗೆ ಕಾಣದ ಆ ಎಳೆಯಲ್ಲಿದೆ ಎಂದು ಅಂದು ಮನದಟ್ಟಾಯಿತು.

ಸೀಕೋವನ್ನು ನಮ್ಮ ಬಡಾವಣೆಯ ವಾಚ್ ರಿಪೇರಿಯವರ ಬಳಿ ಒಯ್ದೆ. "ಮ್ಯಾಗ್ನೆಟ್ ಹಿಡಿದಿದೆ ಸಾರ್, ಬೇರೇನಿಲ್ಲ" ಎಂದು ಪುಟ್ಟ ಯಂತ್ರದ ಮೇಲಿಟ್ಟು ಒಂದು ಗುಂಡಿ ಒತ್ತಿದರು. ಆಮೇಲೆ ಹಿಂಬದಿ ಬಿಚ್ಚಿ, ಬಡಿತ ಆಲಿಸುವ ಯಂತ್ರಕ್ಕೆ ಕೊಟ್ಟು, ಬ್ಯಾಲೆನ್ಸ್ ಚಕ್ರದ ಮೇಲಿನ, ವೇಗ ಹೊಂದಿಸುವ ಕಡ್ಡಿಯನ್ನು ಕೂದಲೆಳೆಯಷ್ಟು ಸರಿಸಿದರು. ಕಾಲು ಗಂಟೆಯ ಕೆಲಸ, ನೂರೈವತ್ತು ರೂಪಾಯಿ. ಟಿಸೋವನ್ನೂ ಹಾಗೆ ತಿದ್ದಬಹುದೇ ಎಂದು ಕೇಳಿದೆ. ಗಾಜಿನ ಹಿಂಬದಿಯಿಂದ ಭೂತಗನ್ನಡಿಯಲ್ಲಿ ನೋಡಿ ತಲೆಯಾಡಿಸಿದರು: "ಇದರಲ್ಲಿ ಸರಿಸೋ ಕಡ್ಡಿನೇ ಇಲ್ಲ ಸಾರ್. ಕಂಪನಿಗೇ ಕೊಡಬೇಕು."

ಒಂದೇ ವಾಚು ಕೊಂಡು ದಿನಾ ಕಟ್ಟುವವರು ಕೇಳಿದರೆ ಸೀಕೋ ಎಂದೇ ಹೇಳುತ್ತೇನೆ. ನೋಟ್‌ಬುಕ್ಕಿನ ಕೊನೆಯ ಎರಡು ವಾರದ ಸರಾಸರಿ ಹೀಗಿದೆ: ಟಿಸೋ 4, ಸೀಕೋ 3.