ಕ್ಯಾಲೆಂಡರಿನ ಮೇಲಿನ ಗೀಟುಗಳು

ನಮ್ಮ ಅಡುಗೆಮನೆಯ ಅಟ್ಟದ ಮೇಲೆ ಒಂದು ರೊಟ್ಟಿ ಮೇಕರ್ ಇದೆ. ಅದರ ಪಕ್ಕದಲ್ಲಿ ಜ್ಯೂಸರ್, ಹಿಂದೆ ಸ್ಯಾಂಡ್‌ವಿಚ್ ಟೋಸ್ಟರ್, ಮೂಲೆಯಲ್ಲಿ ಹಗ್ಗ ಎಳೆದು ಈರುಳ್ಳಿ ಹೆಚ್ಚುವ ಡಬ್ಬಿ. ಅದರ ಹಗ್ಗ ಕಿತ್ತುಹೋಗಿ ಬಹಳ ಕಾಲವಾಯಿತು. ಪ್ರತಿ ದೀಪಾವಳಿಗೆ ಇವೆಲ್ಲವನ್ನೂ ಇಳಿಸಿ, ಧೂಳು ಒರೆಸಿ, ಮತ್ತೆ ಅಲ್ಲಿಗೇ ಏರಿಸುತ್ತೇನೆ. ತಂದವನು ನಾನೇ ಆದ್ದರಿಂದ ಬೈಯುವುದಕ್ಕೂ ಬೇರೆ ಯಾರಿಲ್ಲ.

ಆರು ವರ್ಷಗಳ ಹಿಂದೆ ನನ್ನ ಹೆಂಡತಿಗೆ ಬಲಗೈ ಮಣಿಕಟ್ಟಿನ ನೋವು ಶುರುವಾಯಿತು. ಚಪಾತಿ ಲಟ್ಟಿಸುವುದು, ಕಾಯಿ ತುರಿಯುವುದು, ಬಟ್ಟೆ ಹಿಂಡುವುದು ಮೂರನ್ನೂ ಬಿಡಬೇಕು ಎಂದರು ವೈದ್ಯರು. ಅವಳಿಗೆ ಶಾಲೆಯ ನೌಕರಿ ಇನ್ನೂ ಬಾಕಿ ಇತ್ತು, ನಾನು ಅದೇ ವರ್ಷ ನಿವೃತ್ತನಾಗಿದ್ದೆ. ಹೀಗೆ ಅಡುಗೆಮನೆ ನನ್ನ ಪಾಲಿಗೆ ಬಂತು. ಸಾಗರದ ಹತ್ತಿರದ ಹಳ್ಳಿಯಲ್ಲಿ ಅಮ್ಮನ ಎದುರು ಕುಳಿತು ಒರಳು ತಿರುವಿ ಬೆಳೆದವನಾದ್ದರಿಂದ ಕೆಲಸ ತೀರಾ ಹೊಸದೇನಲ್ಲ. ಆದರೆ ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ. ಮೊದಲ ವರ್ಷ ನಾನು ಕಂಡ ಕಂಡ ಯಂತ್ರವನ್ನೆಲ್ಲ ಬೆಂಗಳೂರಿನ ಈ ಪುಟ್ಟ ಅಡುಗೆಮನೆಗೆ ತಂದು ತುಂಬಿದೆ.

ರೊಟ್ಟಿ ಮೇಕರಿನ ಕಥೆ ಹೇಳಲೇಬೇಕು. ಅಂಗಡಿಯಲ್ಲಿ ಹುಡುಗನೊಬ್ಬ ಹಿಟ್ಟಿನ ಉಂಡೆ ಇಟ್ಟು ಮುಚ್ಚಳ ಒತ್ತಿದ, ಚಪಾತಿ ಪೂರಿಯಂತೆ ಉಬ್ಬಿತು. ಮನೆಯಲ್ಲಿ ನಾನು ಒತ್ತಿದರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ಹರಿದ ಅಂಚು. ಹಿಟ್ಟು ಮಾಮೂಲಿಗಿಂತ ಮೆತ್ತಗಿರಬೇಕು, ಅರ್ಧ ಗಂಟೆ ನೆನೆಯಬೇಕು, ಉಂಡೆಯನ್ನು ನಡುವಿನಲ್ಲಿ ಅಲ್ಲ, ಸ್ವಲ್ಪ ಹಿಂದಕ್ಕೆ ಇಡಬೇಕು, ಒತ್ತಿದ ತಕ್ಷಣ ಎತ್ತಬೇಕು. ಒಂದು ಕ್ಷಣ ತಡವಾದರೆ ಹಪ್ಪಳ. ಇಷ್ಟು ಕಲಿಯುವ ಹೊತ್ತಿಗೆ ಲಟ್ಟಣಿಗೆಯಲ್ಲಿಯೇ ನನ್ನ ಕೈ ಪಳಗಿತ್ತು. ಆಮೇಲೆ ಹೊಳೆಯಿತು: ಚಪಾತಿಯಲ್ಲಿ ನನಗೆ ಬೇಸರವಿದ್ದದ್ದು ಹಿಟ್ಟು ಕಲಸಿ ನಾದುವುದು ಮತ್ತು ಕೊನೆಗೆ ಕಟ್ಟೆ ಒರೆಸುವುದು. ಯಂತ್ರ ಆ ಎರಡನ್ನೂ ನನಗೇ ಬಿಟ್ಟು, ನಾನು ಹಾಡು ಕೇಳುತ್ತ ಮಾಡಬಹುದಾಗಿದ್ದ ಲಟ್ಟಿಸುವ ಕೆಲಸವನ್ನು ಮಾತ್ರ ಕಿತ್ತುಕೊಂಡಿತ್ತು.

ಅಂದಿನಿಂದ ಏನಾದರೂ ಕೊಳ್ಳಬೇಕು ಅನಿಸಿದರೆ ಮೊದಲು ಕ್ಯಾಲೆಂಡರಿನ ಹತ್ತಿರ ಹೋಗುತ್ತೇನೆ. ಹಾಲು ಬಂದ ದಿನ, ಹೊಸ ಗ್ಯಾಸ್ ಸಿಲಿಂಡರ್ ಜೋಡಿಸಿದ ದಿನ ಗುರುತು ಹಾಕುವ ಗೋಡೆಯ ಕ್ಯಾಲೆಂಡರ್ ಅದು. 'ಈಗ ಆ ಯಂತ್ರ ಇದ್ದಿದ್ದರೆ' ಎಂದು ಕೆಲಸದ ನಡುವೆ ನಿಜವಾಗಿ ಅನಿಸಿದಾಗ ಆ ದಿನದ ಮೇಲೆ ಒಂದು ಗೀಟು. ಜಾಹೀರಾತು ನೋಡುವಾಗ ಅನಿಸಿದರೆ ಲೆಕ್ಕಕ್ಕಿಲ್ಲ, ಕೈ ಒದ್ದೆ ಇರುವಾಗಲೇ ಅನಿಸಬೇಕು. ಒಂದು ತಿಂಗಳು ಹೀಗೆ ನಡೆಯುತ್ತದೆ. ವಾಫಲ್ ಮಾಡುವ ಯಂತ್ರಕ್ಕೆ ತಿಂಗಳಿಡೀ ಒಂದೂ ಗೀಟು ಬೀಳಲಿಲ್ಲ. ಬೀಳುವುದಾದರೂ ಹೇಗೆ, ನಮ್ಮ ಮನೆಯಲ್ಲಿ ಯಾರೂ ವಾಫಲ್ ತಿನ್ನುವುದಿಲ್ಲ. ಆದರೂ ಆಸೆಯಾಗಿತ್ತು.

ಮೊದಲು ಗೆದ್ದದ್ದು ವೆಟ್ ಗ್ರೈಂಡರ್. ನಮ್ಮಲ್ಲಿ ವಾರಕ್ಕೆ ಎರಡು ಸಲ ದೋಸೆ, ಒಂದು ಸಲ ಇಡ್ಲಿ. 750 ವ್ಯಾಟ್‌ನ ಮಿಕ್ಸಿಯಲ್ಲಿಯೇ ರುಬ್ಬುತ್ತಿದ್ದೆ. ಉದ್ದು ನುಣ್ಣಗಾಗುವಷ್ಟರಲ್ಲಿ ಜಾರ್ ಬಿಸಿ, ಹಿಟ್ಟೂ ಬಿಸಿ. ತಣ್ಣೀರು ಹಾಕಿ, ನಡುನಡುವೆ ನಿಲ್ಲಿಸಿ ರುಬ್ಬಬೇಕಿತ್ತು. ಅಕ್ಕಿಯ ಸರದಿ ಬಂದಾಗ ಒಮ್ಮೊಮ್ಮೆ ಮಿಕ್ಸಿ ತಾನಾಗಿಯೇ ನಿಂತುಬಿಡುತ್ತಿತ್ತು. ಅದನ್ನು ಮಗುಚಿ, ಅಡಿಯ ಕೆಂಪು ಗುಂಡಿ ಒತ್ತಿ, ಹತ್ತು ನಿಮಿಷ ಕಾಯುವುದು. ಒಂದೇ ತಿಂಗಳಲ್ಲಿ ಹನ್ನೆರಡು ಗೀಟುಗಳು ಬಿದ್ದವು.

ಕೊಂಡದ್ದು ಎರಡು ಲೀಟರಿನ ಟೇಬಲ್ ಟಾಪ್, 150 ವ್ಯಾಟ್‌ನದು. ನಲವತ್ತು ನಿಮಿಷ ತಿರುಗಿದರೂ ಯೂನಿಟ್ಟಿನ ಹತ್ತನೇ ಒಂದು ಭಾಗ ಕರೆಂಟು, ಒಂದು ರೂಪಾಯಿಯೂ ಆಗುವುದಿಲ್ಲ. ಕಲ್ಲು ನಿಧಾನವಾಗಿ ತಿರುಗುವುದರಿಂದ ಹಿಟ್ಟು ತಣ್ಣಗಿರುತ್ತದೆ, ಗಾಳಿ ಸೇರಿ ಉದ್ದು ಬೆಣ್ಣೆಯಂತೆ ಉಬ್ಬುತ್ತದೆ. ಒಂದು ಹನಿಯನ್ನು ಲೋಟದ ನೀರಿಗೆ ಬಿಟ್ಟರೆ ತೇಲಬೇಕು, ಮುಳುಗಿದರೆ ಇನ್ನೂ ಸ್ವಲ್ಪ ನೀರು ಚಿಮುಕಿಸಿ ತಿರುಗಿಸಬೇಕು. ಅಮ್ಮ ಊರಿನಿಂದ ಬಂದಾಗ ಆ ಹನಿಯನ್ನು ನೋಡಿ, 'ಒರಳಿನಲ್ಲಿ ರುಬ್ಬಿದ ಹಾಗೇ ಇದೆ' ಎಂದರು. ಸ್ವಲ್ಪ ಹೊತ್ತು ಬಿಟ್ಟು, 'ಇದನ್ನು ತೊಳೆಯುವವರು ಯಾರು?' ಎಂದೂ ಕೇಳಿದರು.

ಅಮ್ಮನ ಆ ಪ್ರಶ್ನೆಯನ್ನು ಈಗ ನಾನು ಅಂಗಡಿಯಲ್ಲಿಯೇ ಕೇಳಿಕೊಳ್ಳುತ್ತೇನೆ. ಬೆಲೆಯ ಚೀಟಿಯ ಮೇಲೆ ತೊಳೆಯುವ ಹೊತ್ತನ್ನು ಬರೆದಿರುವುದಿಲ್ಲ. ಜ್ಯೂಸರ್ ಮೂರು ನಿಮಿಷದಲ್ಲಿ ಎರಡು ಲೋಟ ರಸ ಕೊಡುತ್ತಿತ್ತು, ಆಮೇಲೆ ಅದರ ಜರಡಿಯ ಸಣ್ಣ ತೂತುಗಳಿಂದ ಕ್ಯಾರೆಟ್ಟಿನ ನಾರನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ ತೆಗೆಯಲು ಹದಿನೈದು ನಿಮಿಷ. ಗ್ರೈಂಡರಿನ ಪಾತ್ರೆ, ಕಲ್ಲುಗಳನ್ನು ತೊಳೆಯುವುದಕ್ಕೂ ಅಷ್ಟೇ ಹೊತ್ತು ಹಿಡಿಯುತ್ತದೆ, ಸುಳ್ಳೇಕೆ. ಆದರೆ ಅದರಿಂದ ಮೂರು ದಿನದ ತಿಂಡಿ ಹುಟ್ಟುತ್ತದೆ, ಜ್ಯೂಸರಿನಿಂದ ಎರಡು ಲೋಟ.

ಏರ್ ಫ್ರೈಯರನ್ನು ನಾನು ಕೊಂಡಿಲ್ಲ. ನನ್ನ ತಂಗಿ ಕೊಂಡಿದ್ದಳು, ಹದಿನೈದು ದಿನಕ್ಕೆಂದು ಕೇಳಿ ತಂದೆ. 'ವಾಪಸು ಕೊಡುವಾಗ ತೊಳೆದು ಕೊಡು ಅಣ್ಣ' ಎಂದು ಮೊದಲೇ ಹೇಳಿ ಕಳುಹಿಸಿದಳು. ಮೊದಲ ದಿನವೇ ಪೇಚಾಟ. ಅದು 1500 ವ್ಯಾಟ್‌ನದು, ಅದರ ಪ್ಲಗ್ಗಿನ ಕಾಲುಗಳು ದಪ್ಪ, ನಮ್ಮ ಕಟ್ಟೆಯ ಮೇಲಿನ ಸಾಕೆಟ್ಟುಗಳೆಲ್ಲ 6 ಆಂಪಿಯರಿನವು. 230 ವೋಲ್ಟನ್ನು 6 ಆಂಪಿಯರಿನಿಂದ ಗುಣಿಸಿದರೆ 1380 ವ್ಯಾಟ್, ಅದಕ್ಕಿಂತ ಹೆಚ್ಚು ಎಳೆಯುವ ಯಂತ್ರಕ್ಕೆ 16 ಆಂಪಿಯರಿನ ಸಾಕೆಟ್ಟೇ ಬೇಕು. ನಮ್ಮಲ್ಲಿದ್ದ ಅಂಥ ಒಂದೇ ಒಂದು ಸಾಕೆಟ್ಟು ಫ್ರಿಜ್ಜಿನ ಹಿಂದೆ. ಕನ್ವರ್ಷನ್ ಪ್ಲಗ್ ಹಾಕಿ ಸಣ್ಣ ಸಾಕೆಟ್ಟಿಗೆ ಸಿಕ್ಕಿಸುವವರನ್ನು ನೋಡಿದ್ದೇನೆ. ಹಾಗೆ ಸಿಕ್ಕಿಸಿ ಸಾಕೆಟ್ಟಿನ ಮುಖವೇ ಕರಗಿ ಕಪ್ಪಾದದ್ದನ್ನೂ ನೋಡಿದ್ದೇನೆ. ಎಲೆಕ್ಟ್ರಿಷಿಯನ್ ಬಂದು ಬೇರೆ ತಂತಿ ಎಳೆದು ಹೊಸ ಸಾಕೆಟ್ಟು ಕೂರಿಸುವಷ್ಟರಲ್ಲಿ ಐದು ದಿನ ಕಳೆದಿತ್ತು. ಯಂತ್ರದ ಬೆಲೆಗೆ ಈ ಖರ್ಚನ್ನೂ ಸೇರಿಸಿ ನೋಡಬೇಕೆಂದು ಆಗ ಕಲಿತೆ.

ಉಳಿದ ಹತ್ತು ದಿನ ಅದಕ್ಕೆ ಬಿಡುವು ಕೊಡಲಿಲ್ಲ. ಶೇಂಗಾ ಚೆನ್ನಾಗಿ ಹುರಿಯಿತು. ಎಣ್ಣೆ ಸವರಿದ ಹಪ್ಪಳ ಪರವಾಗಿಲ್ಲ. ಸುಟ್ಟ ಬದನೆಕಾಯಿ ಗೊಜ್ಜಿಗೆ ಬದನೆಕಾಯಿ ಬೇಯಿತೇ ಹೊರತು ಬೆಂಕಿಯ ಘಮ ಬರಲಿಲ್ಲ. ಕೋಡುಬಳೆ ಮಾತ್ರ ಕಲ್ಲಿನಷ್ಟು ಗಟ್ಟಿಯಾಯಿತು, ಹೆಂಡತಿ ಒಂದನ್ನು ಕಚ್ಚಿ ಸುಮ್ಮನೆ ತಟ್ಟೆಯ ಅಂಚಿನಲ್ಲಿಟ್ಟಳು. ಬಜ್ಜಿಯ ಹಿಟ್ಟು ಜರಡಿಯಿಂದ ಕೆಳಗೆ ಸುರಿಯಿತು, ಅದು ನನ್ನದೇ ದಡ್ಡತನ. ಹೆಸರಿನಲ್ಲಿ ಫ್ರೈ ಇದ್ದರೂ ಅದು ಫ್ಯಾನ್ ಕೂರಿಸಿದ ಪುಟ್ಟ ಓವನ್. ಬೇಕರಿ ತಿಂಡಿ, ಆಲೂಗಡ್ಡೆ, ಪನೀರು ಹೆಚ್ಚು ತಿನ್ನುವ ಮನೆಗೆ ಒಳ್ಳೆಯದು, ನನ್ನ ತಂಗಿಯ ಮನೆಗೆ ಅದು ಸರಿಯಾಗಿಯೇ ಹೊಂದಿದೆ. ನಾವು ಹಬ್ಬಕ್ಕೆ ಮಾತ್ರ ಕರಿಯುವವರು. ತೊಳೆದು ವಾಪಸು ಕೊಟ್ಟೆ. ಸಾಕೆಟ್ಟು ನಮ್ಮಲ್ಲಿ ಉಳಿಯಿತು.

ಅದೇ ಸಾಕೆಟ್ಟಿಗೆ ಆಮೇಲೆ ಇಂಡಕ್ಷನ್ ಒಲೆ ಬಂತು. ಅಯಸ್ಕಾಂತ ಅಂಟುವ ತಳವಿದ್ದರೆ ಮಾತ್ರ ಅದರ ಮೇಲೆ ಪಾತ್ರೆ ಕಾಯುತ್ತದೆ. ಕೊಳ್ಳುವ ಮುಂಚೆ ಫ್ರಿಜ್ಜಿನ ಮೇಲಿದ್ದ ಅಯಸ್ಕಾಂತವನ್ನು ಎಲ್ಲ ಪಾತ್ರೆಗಳ ತಳಕ್ಕೆ ಹಿಡಿದು ನೋಡಿದೆ. ಅಲ್ಯೂಮಿನಿಯಂ ಕುಕ್ಕರಿಗೆ ಅಂಟಲಿಲ್ಲ, ತಾಮ್ರಕ್ಕೂ ಕಂಚಿಗೂ ಇಲ್ಲ, ಸ್ಟೀಲಿನಲ್ಲಿಯೂ ಕೆಲವಕ್ಕೆ ಇಲ್ಲ. ಅಂಟಿದವು ಐದು. ಹಾಲು, ಕಾಫಿ ನೀರು, ಅನ್ನಕ್ಕೆ ಐದು ಸಾಕು.

ಕಾಯಿ ತುರಿಯುವುದರಲ್ಲಿ ಮಾತ್ರ ಎರಡು ಸಲ ಸೋತೆ. ನಮ್ಮ ಮನೆಯಲ್ಲಿ ದಿನಕ್ಕೆ ಅರ್ಧ ಕಾಯಿಯಾದರೂ ಬೇಕು. ಮೊದಲು ತಂದದ್ದು ರಬ್ಬರಿನ ಬುಡ ಇರುವ, ಕೈಯಿಂದ ತಿರುಗಿಸುವ ಯಂತ್ರ. ಆ ಬುಡ ನುಣುಪಾದ ಗ್ರಾನೈಟಿಗೆ ಕಚ್ಚಿಕೊಳ್ಳುತ್ತದೆ, ನಮ್ಮದು ಒರಟು ಕಡಪ ಕಲ್ಲು. ಗಾಳಿ ಒಳಗೆ ನುಸುಳಿ ನಾಲ್ಕು ಸುತ್ತಿಗೆ ಯಂತ್ರವೇ ಮಗುಚಿಕೊಳ್ಳುತ್ತಿತ್ತು. ಎರಡನೆಯದು ಕಟ್ಟೆಯ ಅಂಚಿಗೆ ಸ್ಕ್ರೂ ಬಿಗಿಯುವ ಬಗೆ. ನಮ್ಮ ಕಟ್ಟೆಯ ಅಂಚಿನ ದಪ್ಪಕ್ಕೆ ಅದರ ಬಾಯಿ ಸಾಲಲಿಲ್ಲ, ಟೇಪು ಹಿಡಿದು ಅಳೆದು ಹೋಗಬೇಕಿತ್ತು. ಕೊನೆಗೆ ಊರಿನಿಂದ ಅಮ್ಮನ ಹೆರೆಮಣೆ ಬಂತು. ನೆಲದ ಮೇಲೆ ಕುಳಿತರೆ ನನ್ನ ಮೊಣಕಾಲು ಕೇಳುವುದಿಲ್ಲ, ಅದಕ್ಕೆ ಒಂದು ಅಗಲವಾದ ಬೆಂಚಿನ ಮೇಲೆ ಅದನ್ನಿಟ್ಟು, ಕುದುರೆ ಏರಿದಂತೆ ಕುಳಿತು ತುರಿಯುತ್ತೇನೆ. ನೋಡಲು ಚೆಂದವಿಲ್ಲ. ಆರು ನಿಮಿಷಕ್ಕೆ ಒಂದು ಕಾಯಿ ಮುಗಿಯುತ್ತದೆ, ತೊಳೆಯಲು ಅರ್ಧ ನಿಮಿಷ.

ಇನ್ನೊಂದು ಅಭ್ಯಾಸವೆಂದರೆ ಕೊಳ್ಳುವ ಅಂಗಡಿಗಿಂತ ಮೊದಲು ರಿಪೇರಿ ಅಂಗಡಿಗೆ ಹೋಗುವುದು. ನಮ್ಮ ಬೀದಿಯ ಕೊನೆಯಲ್ಲಿ ಮಿಕ್ಸಿ, ಕುಕ್ಕರು ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ಗೋಡೆಗೆ ಹೊಡೆದ ಮೊಳೆಗಳ ತುಂಬ ಗ್ಯಾಸ್ಕೆಟ್ಟುಗಳು ಬಳೆ ಅಂಗಡಿಯಂತೆ ನೇತಾಡುತ್ತಿರುತ್ತವೆ. ಹೊಸ ಮಿಕ್ಸಿ ಕೊಳ್ಳುವಾಗ ನನಗೆ ಹಿಡಿಸಿದ್ದ ಒಂದರ ಹೆಸರು ಹೇಳಿ, 'ಇದರ ಕಪ್ಲರ್ ಸಿಗುತ್ತದೆಯೇ?' ಎಂದು ಕೇಳಿದೆ. ಮೋಟಾರಿನ ತಿರುಗುವಿಕೆಯನ್ನು ಜಾರಿಗೆ ದಾಟಿಸುವ ತುಂಡು ಅದು. ಅವರು ಮಾತಾಡಲಿಲ್ಲ, ಮೇಜಿನ ಕೆಳಗಿನಿಂದ ಅದೇ ಕಂಪನಿಯ ಮೂರು ಮಿಕ್ಸಿಗಳನ್ನು ಕಾಲಿನಿಂದ ಸರಿಸಿ ತೋರಿಸಿದರು. 'ಬಿಡಿಭಾಗಕ್ಕೆ ಎರಡು ತಿಂಗಳಿಂದ ಕಾಯುತ್ತಿವೆ ಸಾರ್.' ಆಮೇಲೆ ಒಂದು ಡಬ್ಬಿ ತೆರೆದು ಕಪ್ಪು ರಬ್ಬರಿನ ಕಪ್ಲರುಗಳ ರಾಶಿಯನ್ನೇ ತೋರಿಸಿ, 'ಇದು ಯಾವುದಕ್ಕೆ ಕೂರುತ್ತದೋ ಅದನ್ನು ತೆಗೆದುಕೊಳ್ಳಿ' ಎಂದರು. ತೆಗೆದುಕೊಂಡೆ. ಐದು ವರ್ಷದಲ್ಲಿ ಎರಡು ಕಪ್ಲರ್, ಚಟ್ನಿ ಜಾರಿಗೆ ಬ್ಲೇಡಿನ ಕಡ್ಡಿ ತಿರುಗುವ ಒಂದು ಬುಷ್ ಹಾಕಿಸಿದ್ದೇನೆ, ಇನ್ನೂ ಓಡುತ್ತಿದೆ. ಕುಕ್ಕರಿನಲ್ಲಿಯೂ ನಾನು ಮೊದಲು ನೋಡುವುದು ಐಎಸ್‌ಐ ಗುರುತು, ಅದರೊಂದಿಗಿರುವ ಐಎಸ್ 2347 ಎಂಬ ಪ್ರೆಶರ್ ಕುಕ್ಕರಿನ ಮಾನದಂಡದ ಸಂಖ್ಯೆ, ಆಮೇಲೆ ಇವರ ಗೋಡೆಯ ಮೇಲೆ ಅದರ ಗ್ಯಾಸ್ಕೆಟ್ಟು ನೇತಾಡುತ್ತಿದೆಯೇ ಎಂದು. ಬಣ್ಣದ ಕುಕ್ಕರೂ ಮೂರು ಸಲವೇ ಕೂಗಬೇಕು.

ನನ್ನ ಲೆಕ್ಕಕ್ಕೆ ಸಿಕ್ಕದ ಸಾಮಾನೂ ಒಂದಿದೆ. ಒತ್ತು ಶಾವಿಗೆಯ ಒರಳು: ಮೂರು ಕಾಲು, ಹಿತ್ತಾಳೆಯ ಅಚ್ಚು, ಮೇಲೆ ತಿರುಗಿಸುವ ಹಿಡಿ. ಹೊರಗೆ ಬರುವುದು ವರ್ಷಕ್ಕೆ ಮೂರೋ ನಾಲ್ಕೋ ಸಲ. ಅಕ್ಕಿ ನೆನೆಸಿ ರುಬ್ಬಿ, ಹಿಟ್ಟನ್ನು ಒಲೆಯ ಮೇಲೆ ಮುದ್ದೆಯಾಗುವವರೆಗೆ ಮಗುಚಿ, ಉಂಡೆ ಕಟ್ಟಿ ಕುದಿಯುವ ನೀರಿಗೆ ಬಿಟ್ಟು, ಅವು ತೇಲಿ ಬಂದ ಮೇಲೆ ಬಿಸಿ ಬಿಸಿಯಾಗಿಯೇ ಒತ್ತಬೇಕು. ಆರಿದರೆ ಹಿಡಿ ತಿರುಗುವುದಿಲ್ಲ. ನಾನು ತಿರುಗಿಸುತ್ತೇನೆ, ಹೆಂಡತಿ ಎಡಗೈಯಲ್ಲಿ ಬಾಳೆ ಎಲೆ ಹಿಡಿದು ಎಳೆಗಳು ಸುರುಳಿಯಾಗಿ ಬೀಳುವಂತೆ ಸುತ್ತಿಸುತ್ತಾಳೆ. ಬೆಲ್ಲದ ಕಾಯಿಹಾಲಿನೊಂದಿಗೆ ತಿನ್ನುವಾಗ ಇಬ್ಬರ ಬೆನ್ನೂ ನೋಯುತ್ತಿರುತ್ತದೆ. ಅರ್ಧ ಅಟ್ಟವನ್ನು ಅದೊಂದೇ ತಿಂದಿದೆ, ತೊಳೆಯಲು ಗ್ರೈಂಡರಿಗಿಂತ ಕಷ್ಟ. ಗುಜರಿಯವನು ಒಮ್ಮೆ ಹಿತ್ತಾಳೆಗೆ ಬೆಲೆ ಕಟ್ಟಿದಾಗ ರೊಟ್ಟಿ ಮೇಕರನ್ನು ಬೇಕಾದರೆ ಹಾಗೆಯೇ ಒಯ್ಯಿ ಎಂದೆ. ಅವನು ಒಯ್ಯಲಿಲ್ಲ.

ಈ ತಿಂಗಳ ಕ್ಯಾಲೆಂಡರಿನಲ್ಲಿ ಪಾತ್ರೆ ತೊಳೆಯುವ ಯಂತ್ರದ ಹೆಸರಿನಲ್ಲಿ ಹದಿನಾಲ್ಕು ಗೀಟುಗಳಿವೆ. ಅದರಲ್ಲಿ ಒಂಬತ್ತು ನನ್ನ ನೀಲಿ ಪೆನ್ನಿನವು. ಉಳಿದ ಐದು, ಉತ್ತರ ಪತ್ರಿಕೆ ತಿದ್ದುವ ಕೆಂಪು ಶಾಯಿಯವು. ನಿನ್ನೆ ಸಿಂಕಿನ ಪಕ್ಕದ ಜಾಗ ಅಳೆದೆ. 60 ಸೆಂಟಿಮೀಟರ್ ಅಗಲ ಬೇಕಂತೆ, ಇರುವುದು 52. ಅಕ್ಕಿಯ ಡಬ್ಬವನ್ನು ಎಲ್ಲಿಗೆ ಸರಿಸುವುದೆಂದು ಇಬ್ಬರೂ ನೋಡುತ್ತಿದ್ದೇವೆ.