ಮಲ್ಲಿಗೆ ಪಾತಿಯ ಜೇಕಿಗೆ ನಾನು ಮಾಡಿದ್ದು

ತರಕಾರಿ ಮಡಿಗೆ ಜೇಕು ಅನ್ನುವ ಹುಲ್ಲಿನಂಥ ಕಳೆ ಬಿದ್ದರೆ, ಬೆಳೆ ಮುಗಿದ ಮೇಲೆ ಪೂರ್ತಿ ಅಗೆದು ಬಿಸಿಲಿಗೆ ಬಿಡಬಹುದು. ಮಲ್ಲಿಗೆ, ದಾಸವಾಳ, ನಂದಿಬಟ್ಟಲು ಹಾಗಲ್ಲ. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಇರುವ ಗಿಡಗಳು, ಬುಡ ಕೆದಕುವಂತಿಲ್ಲ. ಮೈಸೂರಿನ ಕುವೆಂಪುನಗರದ ನಮ್ಮ ಹಿತ್ತಲಿಗೆ ಜೇಕು ಬಂದದ್ದು ಒಂದು ಲೋಡು ಕೆಂಪು ಮಣ್ಣಿನ ಜೊತೆ.

ಹುಲ್ಲು ಹಿಡಿದು ಎಳೆದರೆ ಪಟ್ಟಂತ ಮೇಲಷ್ಟೇ ಬರುತ್ತದೆ, ಗಡ್ಡೆ ಒಳಗೇ ಉಳಿಯುತ್ತದೆ. ಮಳೆ ಬಂದ ಮಾರನೇ ದಿನ ಹಾರೆಯಲ್ಲಿ ಮಣ್ಣು ಸಡಿಲ ಮಾಡಿ, ನಿಧಾನಕ್ಕೆ ಬಿಡಿಸಿ ನೋಡಿ. ಸಣ್ಣಗೆ, ಗಟ್ಟಿಯಾದ ಕಪ್ಪು ಬೇರು. ಅದರುದ್ದಕ್ಕೂ ಮಣಿ ಪೋಣಿಸಿದ ಹಾಗೆ ಗಡ್ಡೆಗಳು. ಮೇಲೆ ನಾರು, ಮುರಿದರೆ ಒಳಗೆ ಬಿಳುಪು, ಘಮ್ಮನೆ ವಾಸನೆ. ಗ್ರಂಧಿಗೆ ಅಂಗಡಿಯಲ್ಲಿ ಭದ್ರಮುಷ್ಟಿ ಅಂತ ಕೊಡುವುದು ಇದನ್ನೇ. ಈ ಸರ ತುಂಡಾಗದೆ ಇದ್ದರೆ ತುದಿಯ ಗಡ್ಡೆ ಚಿಗುರುತ್ತದೆ, ಮಿಕ್ಕವು ಮಲಗಿರುತ್ತವೆ. ತುಂಡಾಯಿತೋ, ಒಂದೊಂದೂ ಏಳುತ್ತದೆ. ಗುದ್ದಲಿಯಲ್ಲಿ ಕೊಚ್ಚಿದ ಪಾತಿಯಲ್ಲಿ ಜೇಕು ಜಾಸ್ತಿಯಾಗುವುದು ಇದಕ್ಕೇ.

ಹಾಗಾಗಿ ಗಡ್ಡೆಯನ್ನು ಉಪವಾಸ ಕೆಡವುವ ದಾರಿ ಹಿಡಿದೆ. ಎಲೆಗೆ ಬಿಸಿಲು ಸಿಕ್ಕಿದರೆ ತಾನೇ ಹೊಸ ಗಡ್ಡೆ ಕಟ್ಟುವುದು? ಚಿಗುರಿ ಕೆಲವು ವಾರಕ್ಕೆ ಆ ಕೆಲಸ ಶುರುವಾಗುತ್ತದೆ. ನಾಲ್ಕೈದು ಎಲೆ ಬಂದಾಗಲೇ ತೆಗೆದುಬಿಡುತ್ತೇನೆ. ಗಿಡಗಳ ನಡುವೆ ಗಡ್ಡೆ ಸಮೇತ. ಮಲ್ಲಿಗೆ ಬುಡದಲ್ಲಿ ಮಾತ್ರ ಕುಡುಗೋಲಿನ ತುದಿಯಿಂದ ಮಣ್ಣಿನ ಮಟ್ಟಕ್ಕೆ ಕೊಯ್ಯುವುದು, ಅಷ್ಟೇ. ಮತ್ತೆ ಬರುತ್ತದೆ, ಮತ್ತೆ ಕೊಯ್ಯಬೇಕು. ಸಲ ಸಲಕ್ಕೂ ಚಿಗುರು ತೆಳ್ಳಗಾಗುವುದು ಕಣ್ಣಿಗೇ ಕಾಣುತ್ತದೆ.

ಜೇಕಿಗೆ ನೆರಳು ಆಗಿಬರುವುದಿಲ್ಲ. ಖಾಲಿ ಬಿದ್ದಿದ್ದ ಕಡೆಯೆಲ್ಲ ಕನಕಾಂಬರ ಒತ್ತೊತ್ತಾಗಿ ಹಾಕಿದೆ, ಒಂದು ಮೂಲೆಗೆ ಗೆಣಸಿನ ಬಳ್ಳಿ ಬಿಟ್ಟೆ. ಬಳ್ಳಿ ಹಬ್ಬಿದ ಕಡೆ ಜೇಕು ಸೊರಗಿಹೋಯಿತು. ಮಂಡ್ಯದ ನೆಂಟರ ಗದ್ದೆಯಿಂದ ಕಬ್ಬಿನ ತರಗು ತರಿಸಿ ನಾಲ್ಕು ಬೆರಳು ದಪ್ಪ ಹೊದಿಸಿದ್ದೇನೆ. ಅದೊಂದನ್ನೇ ನಂಬಬೇಡಿ. ಜೇಕಿನ ಮೊಳಕೆ ಪ್ಲಾಸ್ಟಿಕ್ ಹಾಳೆಯನ್ನೇ ತೂತು ಮಾಡುತ್ತದೆ, ತರಗು ಯಾವ ಲೆಕ್ಕ? ಆದರೆ ಕೆಳಗಿನ ಮಣ್ಣು ಮೆತ್ತಗಿರುತ್ತದೆ, ಗಡ್ಡೆ ಸಲೀಸಾಗಿ ಬರುತ್ತದೆ.

ಔಷಧಿ ಹೊಡೆಸಿ ಅಂದವರು ಬಹಳ ಜನ. ಗ್ಲೈಫೋಸೇಟ್ ಅನ್ನುವ ಕಳೆನಾಶಕ ಗಡ್ಡೆವರೆಗೂ ಇಳಿಯುತ್ತದೆ, ನಿಜ. ಆದರೆ ಮಲ್ಲಿಗೆ ಎಲೆಗೆ ತಾಗಿದರೆ ಅದನ್ನೂ ಬಿಡುವುದಿಲ್ಲ. ಕೀಟ ನಿಯಂತ್ರಣದ ಕೆಲಸದವರನ್ನು ಬಿಟ್ಟು ಬೇರೆಯವರು ಅದನ್ನು ಬಳಸಬಾರದು ಅಂತ 2022ರಲ್ಲಿ ಕೇಂದ್ರ ಸರ್ಕಾರ ಆದೇಶವನ್ನೂ ಹೊರಡಿಸಿತು.

ಪಕ್ಕದ ಖಾಲಿ ಸೈಟಿನಿಂದ ಬರುವ ಕಾಂಗ್ರೆಸ್ ಗಿಡ ಇದರ ಮುಂದೆ ಸುಲಭ. ಗಡ್ಡೆ ಇಲ್ಲ, ಬೀಜದ್ದೇ ಕಾಟ. ಬಿಳಿ ಹೂ ಬಿಡುವ ಮುಂಚೆ, ನೆಲ ಹಸಿ ಇರುವಾಗ, ಗ್ಲೌಸು ಹಾಕಿ ಬೇರು ಸಮೇತ ಕಿತ್ತರಾಯಿತು. ಅಲರ್ಜಿ, ಉಬ್ಬಸ ಇರುವವರು ಮುಟ್ಟಲೇಬೇಡಿ. ಮಳೆಗಾಲದಲ್ಲಿ ಅದರ ಎಲೆ ಮೇಲೆ ಮಾಸಲು ಬಿಳುಪಿನ ಬೆನ್ನಿಗೆ ಕಂದು ಗೆರೆ ಇರುವ ಪುಟ್ಟ ಜೀರುಂಡೆ ಕಂಡರೆ ಸಾಯಿಸಬೇಡಿ. ಈ ಗಿಡ ತಿನ್ನಲಿ ಅಂತಲೇ ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಹುಳು ಅದು.

ತೆಗೆದ ಜೇಕಿನ ಗಡ್ಡೆಯನ್ನು ಗೊಬ್ಬರದ ಗುಂಡಿಗೆ ಹಾಕುವುದಿಲ್ಲ. ತಾರಸಿ ಮೇಲೆ ಬಿಸಿಲಿಗೆ ಹರಡಿ, ಗಲಗಲ ಅನ್ನುವಷ್ಟು ಒಣಗಿದ ಮೇಲೆ ನೀರೊಲೆಗೆ. ನರ್ಸರಿಯಿಂದ ಹೊಸ ಗಿಡ ತಂದರೂ ಅಷ್ಟೇ. ಒಂದು ತಿಂಗಳು ಚೀಲದಲ್ಲೇ ತಾರಸಿ ಮೇಲಿಟ್ಟು ನೋಡುತ್ತೇನೆ. ಚೀಲದಲ್ಲಿ ಜೇಕು ತಲೆ ಎತ್ತಿದರೆ, ಬೇರಿನ ಮಣ್ಣು ಪೂರ್ತಿ ತೊಳೆದು ಆಮೇಲೆ ನೆಡುತ್ತೇನೆ.